ಚೆಂಡು ಹೂವಿನ ಎಣ್ಣೆ

ಸೆಪ್ಟೆಂಬರ್ 15, ಸೋಮವಾರ

ಇವತ್ತು ಎರಡು ಮನೆಯಲ್ಲಿ ನೀರೆರೆದೆ. ಮೊದಲು ಷಡಕ್ಷರಿ ಮೇಷ್ಟ್ರ ಮನೆ. ಮೊಮ್ಮಗ ಗುಂಡುಕಲ್ಲು. ತೊಡೆಯ ಮಡಿಕೆ ಬಿಡಿಸಿ ತೊಳೆಯುವಷ್ಟರಲ್ಲಿ ನನ್ನ ಸೊಂಟ ಬಿತ್ತು. ಆಮೇಲೆ ಬಸ್ ಸ್ಟಾಂಡ್ ಹಿಂದಿನ ಮನೆ. ಬಾಣಂತಿ ನೀರು ಸುಡುತ್ತದೆ ಅಂತ ಕೂಗಾಡಿದಳು. ಸುಡದ ನೀರು ಬಾಣಂತಿಗೆ ಯಾಕೆ, ಬಟ್ಟೆ ಜಾಲಿಸಲಿಕ್ಕಾ, ಅಂದೆ.

ಮನೆಗೆ ಬಂದು ನಮ್ಮ ಪಾಪುವಿಗೆ ಎರೆದೆ. ಮಗಳು ಸ್ಪಂದನಾ ಚೊಚ್ಚಲ ಬಾಣಂತನಕ್ಕೆ ಅಂತ ಹೊಳೆನರಸೀಪುರದಿಂದ ಬಂದವಳು, ಇನ್ನೂ ಇಲ್ಲೇ ಇದ್ದಾಳೆ. ಮಗುವಿಗೆ ನಿಸರ್ಗ ಅಂತ ಹೆಸರಿಟ್ಟಿದ್ದಾರೆ. ನನ್ನ ಬಾಯಿಗೆ ಅದು ಬರುವುದಿಲ್ಲ, ಪಾಪು.

ಎರಡೂ ಕೆನ್ನೆ ಕೆಂಪು. ಹೆಸರುಹಿಟ್ಟು ಹಾಕಿ ಇನ್ನೊಂದು ಸಲ ಉಜ್ಜಿದೆ. ಹುಟ್ಟು ರೋಮ ಹೋಗಬೇಕಾದರೆ ಉಜ್ಜಲೇಬೇಕು. ಅತ್ತಳು. ನೀರಲ್ಲಿ ಅಳದ ಮಗು ಯಾವುದಿದೆ.

ಸೆಪ್ಟೆಂಬರ್ 18

ಕೆಂಪು ಮೊಣಕಾಲ ಹಿಂದಕ್ಕೂ ಬಂದಿದೆ. ಕತ್ತಿನ ಸಂದಿಯಲ್ಲಿ ನೀರಾಡುತ್ತಿದೆ. ಇಸಬು. ಬೇವಿನ ಸೊಪ್ಪು ಕುದಿಸಿ ಎರೆದೆ. ನೀರು ಬಿದ್ದದ್ದೇ ತಡ, ಕೂಸು ಬಿಲ್ಲಿನ ಹಾಗೆ ಬಗ್ಗಿತು.

ನೋಡಲು ಬಂದವರೆಲ್ಲ ಡಾಕ್ಟರುಗಳೇ. ಒಬ್ಬಳು ಹೊಂಗೆ ಎಣ್ಣೆ ಅಂತಾಳೆ. ಇನ್ನೊಬ್ಬಳು ಲೋಳೆಸರ. ಮತ್ತೊಬ್ಬಳು ಅರಿಶಿನ, ಅದೂ ಕಸ್ತೂರಿ ಅರಿಶಿನವೇ ಆಗಬೇಕಂತೆ. ಬೀಗಿತ್ತಿ ಫೋನಿನಲ್ಲಿ, ಅರಕಲಗೂಡು ಕಡೆ ಯಾರೋ ಹಸಿರು ಔಷಧಿ ಅರೆದು ಕೊಡುತ್ತಾರೆ, ಅಮಾವಾಸ್ಯೆ ದಿನ ಹೋಗಬೇಕು ಅಂದಳು. ಊರ ಮಕ್ಕಳಿಗೆಲ್ಲ ಎರೆದವಳು ನಾನು, ನನಗೇ ಹೇಳುತ್ತಾರೆ.

ಲೋಳೆಸರ ಹಿತ್ತಲಲ್ಲೇ ಇತ್ತು. ಕತ್ತರಿಸಿ ಹಾಗೇ ಸವರಿದೆ. ಹಳದಿ ಹಾಲು ಇಳಿದುಹೋಗಲಿ ಅಂತ ಕಾಯಲಿಲ್ಲ. ನನಗೆ ಕಾಯುವುದಕ್ಕೆ ಬರುವುದಿಲ್ಲ.

ಸೆಪ್ಟೆಂಬರ್ 21

ಉರಿ ಹೆಚ್ಚಾಗಿದೆ. ಮಗು ತಲೆಯನ್ನು ದಿಂಬಿಗೆ ಉಜ್ಜಿ ಉಜ್ಜಿ ಹಿಂದಲೆ ಕೂದಲು ಹೋಗಿದೆ. ಉಜ್ಜುವುದು ಅವಳಿಗೂ ಬಂತು. ನನ್ನ ಮೊಮ್ಮಗಳಲ್ಲವಾ.

ಸೆಪ್ಟೆಂಬರ್ 24, ಬುಧವಾರ

ನಾನು ನೀರೆರೆಯಲು ಹೋಗಿದ್ದಾಗ ಅಳಿಯ ಅರುಣ್‌ಕುಮಾರ್ ಬಂದು ತಾಯಿ ಮಗು ಇಬ್ಬರನ್ನೂ ಹಾಸನಕ್ಕೆ ಕರೆದುಕೊಂಡು ಹೋಗಿದ್ದಾರೆ. ಚರ್ಮದ ಡಾಕ್ಟರು. ನನಗೆ ಒಂದು ಮಾತಿಲ್ಲ. ಸಾಯಂಕಾಲ ಬಂದರು. ಸ್ಪಂದನಾ ಬ್ಯಾಗು ಇಳಿಸುವ ಮುಂಚೆಯೇ ಶುರು ಮಾಡಿದಳು.

"ಅವ್ವ, ಇನ್ಮೇಲೆ ಇಟ್ಟು ಬ್ಯಾಡ, ಬೇವಿನ ಸೊಪ್ಪು ಬ್ಯಾಡ, ಸಾಂಬ್ರಾಣಿ ಒಗೆ ಬ್ಯಾಡ. ಉಗುರು ಬೆಚ್ಚಗಿನ ನೀರು, ಬ್ಯಾಗ ಬ್ಯಾಗ ಉಯ್ದು ಎತ್ಬುಡಬೇಕಂತೆ. ಉಜ್ಜಲೇಬಾರ್ದಂತೆ."

"ಅದು ಸ್ನಾನನಾ? ಮಳೇಲಿ ನೆನ್ಯದಾ?"

"ಚರ್ಮದ ಮ್ಯಾಲೆ ಒಳ್ಳೆ ಬ್ಯಾಕ್ಟೀರಿಯಾ ಇರ್ತವಂತೆ ಕಣವ್ವ. ಉಜ್ಜಿ ಉಜ್ಜಿ ಅವೆಲ್ಲ ಓಗವೆ. ಜಾಗ ಖಾಲಿ ಅಂತ ಕೆಟ್ಟವು ಬಂದು ಕೂತವೆ."

"ಒಳ್ಳೆ ಉಳನಾ? ಉಳದಲ್ಲಿ ಒಳ್ಳೇದು ರೇಷ್ಮೆ ಉಳ ಒಂದೇಯ ಕಣಮ್ಮಿ."

ಅಳಿಯ ನಗು ತಡೆಯಲಾರದೆ ಹೊರಗೆ ಹೋದರು. ಸ್ಪಂದನಾ ನಗಲಿಲ್ಲ. "ನಾಳಿಂದ ನಾನೇ ಮಾಡುಸ್ತೀನಿ" ಅಂದಳು.

ಹಚ್ಚಲು ಬಿಳಿ ಕ್ರೀಮು, ವಾಸನೆಯಿಲ್ಲ, ಬಣ್ಣವಿಲ್ಲ. ಕೆಂಪು ಇರುವ ಕಡೆ ಮಾತ್ರ ಒಂದು ಆಯಿಂಟ್‌ಮೆಂಟು, ಸ್ವಲ್ಪ ದಿನಕ್ಕೆ. ಬೇಕಾದರೆ ಓಟ್ಸ್ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಅದ್ದಬಹುದಂತೆ. ಓಟ್ಸ್ ಅಂದರೇನು ಅಂತ ಕಾಂತರಾಜುನನ್ನು ಕೇಳಿದೆ. ನನ್ನ ಮಗ, ಆಟೋ ಓಡಿಸುವವನು, ಎಲ್ಲ ಗೊತ್ತು ಅವನಿಗೆ. "ಕುದುರೆ ತಿಂತದೆ ಕಣವ್ವ" ಅಂದ. ಕುದುರೆ ತಿನ್ನುವುದು ಮಗುವಿನ ಮೈಗೆ ಆಗುತ್ತದೆ, ಹೆಸರುಹಿಟ್ಟು ಆಗುವುದಿಲ್ಲ.

ಸೆಪ್ಟೆಂಬರ್ 26

ಅವಳೇ ಮಾಡಿಸಿದಳು. ಪ್ಲಾಸ್ಟಿಕ್ ಟಬ್ಬು, ಒಂದು ಮಗ್ಗು. ಮಗುವನ್ನು ಕಾಲ ಮೇಲೆ ಹಾಕಿಕೊಳ್ಳಲಿಲ್ಲ. ನಾನು ಬಚ್ಚಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. "ಕತ್ತು ಇಡ್ಕ... ಕತ್ತು" ಅಂದೆ. "ಗೊತ್ತು ಕಣವ್ವ" ಅಂದಳು. ಕುದುರೆ ಗಂಜಿ ನೀರು ಹಾಲಿನ ಹಾಗಿತ್ತು. ಪಾಪು ಅಳಲಿಲ್ಲ.

ಅಳಲಿಲ್ಲ. ಅದನ್ನೂ ಬರೆದಿಡಬೇಕಲ್ಲ.

ಅಕ್ಟೋಬರ್ 3

ವಾಸಿಯಾಗುತ್ತಿತ್ತು. ಆಯುಧಪೂಜೆಗೆ ಕಾಂತರಾಜು ಆಟೋ ತೊಳೆದು ಹೂ ಹಾಕಿ ಪಾಪುವನ್ನು ಸೀಟಿನಲ್ಲಿ ಮಲಗಿಸಿ ಫೋಟೋ ತೆಗೆದಿದ್ದ. ಮುಖ ಮೆತ್ತಗೆ ಇತ್ತು. ಆಯಿಂಟ್‌ಮೆಂಟು ನಿಲ್ಲಿಸಿ ಅಂತ ಹೇಳಿದ್ದರು, ನಿಲ್ಲಿಸಿದಳು. ಇವತ್ತು ಮತ್ತೆ ಕೆಂಪು. ಕಿವಿ ಹಿಂದೆ ಬಿರುಕು. ಕಿವಿ ಈಗಲೋ ಆಗಲೋ ಉದುರುತ್ತದೆ ಅನ್ನುವ ಹಾಗೆ.

ಮತ್ತೆ ಹಾಸನಕ್ಕೆ ಫೋನು. ಹೀಗೆ ಬಂದು ಹೋಗುವುದು ಇದರ ಗುಣ, ಕ್ರೀಮು ಬಿಡಬೇಡಿ, ಮುಂದಿನ ವಾರ ತೋರಿಸಿ ಅಂದರಂತೆ. ಬಂದು ಹೋಗಲು ಇದೇನು ನೆಂಟರಾ?

ಅಕ್ಟೋಬರ್ 7

ಕೈಗೆ ಕಾಲುಚೀಲ ಹಾಕಿದ್ದೇವೆ, ಕೆರೆದುಕೊಳ್ಳದ ಹಾಗೆ. ಚೀಲದ ತುದಿಯಲ್ಲಿ ರಕ್ತ. ಇಷ್ಟೇ ಇಷ್ಟು ಉಗುರು, ಇಷ್ಟು ರಕ್ತ ಎಲ್ಲಿಂದ ಬರುತ್ತದೆ.

ಸ್ಪಂದನಾ ನಿದ್ದೆ ಕಾಣದೆ ಎಷ್ಟು ದಿನ ಆಯಿತೋ. ತಟ್ಟೆ ಮುಂದೆ ಕೂತವಳು ಅನ್ನ ಕಲಸುತ್ತಲೇ ಇದ್ದಳು. ಬಾಯಿಗೆ ಹೋಗಲಿಲ್ಲ. ಹಾಗೇ ಹೇಳಿದಳು.

"ಇದ್ನ ಎಲ್ಲಾದ್ರೂ ಬುಟ್ಬುಟ್ಟು ಬರನ ಅನ್ನುಸ್ತದೆ ಅವ್ವ."

ಇನ್ನೊಂದು ದಿನವಾಗಿದ್ದರೆ ಕೆನ್ನೆಗೆ ಬಿಡುತ್ತಿದ್ದೆ. ಇವತ್ತು ತುತ್ತು ಮಾಡಿ ಬಾಯಿಗಿಟ್ಟೆ. ನನಗೂ ಒಂದು ಸಲ ಹಾಗನ್ನಿಸಿತ್ತು, ನಿನ್ನೆ.

ಅಕ್ಟೋಬರ್ 9

ಹಾಸನಕ್ಕೆ ತೋರಿಸುವುದು ಹಬ್ಬ ಕಳೆಯಲಿ ಅಂತ ಮುಂದಕ್ಕೆ ಹಾಕಿದ್ದೇವೆ. ಸ್ಪಂದನಾ ಫೋನಿನಲ್ಲಿ ಏನೋ ಹುಡುಕಿದ್ದಾಳೆ. ಯಾವುದೋ ದೇಶದ ಹೆಂಗಸು, ಅವಳ ಮಗುವಿಗೂ ಇದೇ ಕಾಯಿಲೆ ಇತ್ತಂತೆ. ಹೂವಿನ ಎಣ್ಣೆ ಹಚ್ಚಿ ವಾಸಿಯಾಯಿತಂತೆ. ಉರಿ ತಣಿಸುತ್ತದೆ, ಒಳ್ಳೆ ಹುಳಕ್ಕೂ ತೊಂದರೆಯಿಲ್ಲ ಅಂತ.

"ಕ್ಯಾಲೆಂಡುಲಾ ಅಂತ ಅವ್ವ. ಬುಕ್ ಮಾಡುದ್ರೆ ಬರಕ್ಕೆ ಇನ್ನೂ ಎಷ್ಟು ದಿನ ಆಯ್ತದೋ."

"ಊವ ತೋರ್ಸು."

ತೋರಿಸಿದಳು. ಕಿತ್ತಳೆ ಬಣ್ಣ. ದುಂಡಗೆ, ಎಸಳು ಎಸಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ.

"ಇದು ಚೆಂಡೂವ ಕಣಮ್ಮಿ."

"ಅಲ್ಲ ಅನ್ಸುತ್ತೆ... ತಡಿ." ಏನೋ ಒತ್ತಿದಳು. "ಊಂ ಅವ್ವ, ಮಾರಿಗೋಲ್ಡ್ ಅಂತಾನೇ ಬರ್ದವ್ರೆ. ಮಾರಿಗೋಲ್ಡ್ ಅಂದ್ರೆ ಚೆಂಡೂವೇಯ."

"ನಂಗ್ ಇಂಗ್ಲಿಷ್ ಬರಲ್ಲ, ಊವ ಬತ್ತದೆ. ಐದ್ನೇ ಕ್ಲಾಸಿಗೇ ಬುಟ್ಟೋಳಿಗೆ ಗೊತ್ತಾತು, ಡಿಗ್ರಿ ಓದಿರೋಳಿಗೆ ಅನುಮಾನ."

ನಕ್ಕಳು. ಈ ತಿಂಗಳಲ್ಲಿ ಮೊದಲ ಸಲ. ಅವಳ ಹಲ್ಲು ಕಂಡು ನನಗೆ ಎದೆ ತುಂಬಿತು. ಆಯುಧಪೂಜೆ ಚೆಂಡು ಹೂವು ಇನ್ನೂ ಬೀದಿ ಬೀದಿಯಲ್ಲಿ ಕೊಳೆಯುತ್ತ ಬಿದ್ದಿದೆ. ಔಷಧಿಯನ್ನು ತುಳಿದುಕೊಂಡು ಓಡಾಡುತ್ತಿದ್ದೆವು, ಗೊತ್ತಿರಲಿಲ್ಲ.

ಅಕ್ಟೋಬರ್ 11

ಕೊಳೆತದ್ದು ಬೇಡ ಅಂತ ಶ್ರವಣಬೆಳಗೊಳದ ಬಸ್ಸು ಹತ್ತಿ ಜಿನನಾಥಪುರದ ಹತ್ತಿರ ಇಳಿದೆ. ಚಲುವಯ್ಯನ ಹೊಲ. ಅವನ ಮೂರು ಮಕ್ಕಳಿಗೂ ಎರೆದಿದ್ದೇನೆ. ಅರ್ಧ ಎಕರೆ ಚೆಂಡು ಹೂವು, ಕಣ್ಣು ಕುಕ್ಕುತ್ತದೆ.

"ಏನ್ ದೊಡ್ಡಮ್ಮ, ಅಬ್ಬ ಮುಗುದ್ಮ್ಯಾಲೆ ಊವ? ದೀಪಾವಳಿಗೆ ಮಾರಾಕ್ ಇಟ್ಟಿರದು ಇದು."

"ಮಾರ್ಕ. ನಂಗೊಂದ್ ಮಡ್ಲು ಕೊಡು. ಮಗೀಗೆ ಎಣ್ಣೆ ಕಾಯುಸ್ಬೇಕು."

"ತಕಂಡೋಗು. ಮೊನ್ನೆ ತಾನೆ ಔಸ್ದಿ ಒಡ್ದಿದೀನಿ. ಒಂದುಳ ಇಲ್ಲ ನೋಡು."

ನೋಡಿದೆ. ಒಂದು ಹುಳವೂ ಇರಲಿಲ್ಲ. ಸಂತೋಷವಾಯಿತು. ಮಡಿಲು ತುಂಬಿಸಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವಳು ಯಾವ ದೇವರಿಗೆ ಅಂದಳು. ನಮ್ಮ ಮನೆ ದೇವರಿಗೆ ಅಂದೆ.

ಅಕ್ಟೋಬರ್ 15

ಎಸಳು ಬಿಡಿಸಿ ಮೂರು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದ್ದೆ. ಗಾಣದ ಕೊಬ್ಬರಿ ಎಣ್ಣೆ. ಇವತ್ತು ಸಣ್ಣ ಉರಿಯಲ್ಲಿ ಕಾಯಿಸಿದೆ. ಸ್ಪಂದನಾ ಪಕ್ಕದಲ್ಲಿ ಕೂತು ಫೋನು ನೋಡಿ ಹೇಳುತ್ತಿದ್ದಳು. ಕುದಿಸಬಾರದು, ನೀರಿನ ಪಾತ್ರೆಯೊಳಗೆ ಇಟ್ಟು ಕಾಯಿಸಬೇಕು. ನಾನು ಕೈಯಾಡಿಸಿದೆ, ಅವಳು ಸೋಸಿದಳು. ಎಣ್ಣೆ ಕೇಸರಿಬಣ್ಣಕ್ಕೆ ತಿರುಗಿತು. ಇಷ್ಟು ಚೆನ್ನಾಗಿರುವ ಎಣ್ಣೆ ನಾನು ಕಾಸಿಯೇ ಇರಲಿಲ್ಲ.

"ದೀಪಾವಳಿ ಎಣ್ಣೆ ನೀರು ಇದ್ರಲ್ಲೇ ಅವ್ವ" ಅಂದಳು. ಯಾರು ಎರೆಯುವುದು ಅಂತ ನಾನು ಕೇಳಲಿಲ್ಲ.

ಅಕ್ಟೋಬರ್ 19, ನೀರು ತುಂಬುವ ಹಬ್ಬ

ಹಂಡೆಗೆ ಹುಣಸೆಹಣ್ಣು ಹಾಕಿ ಬೆಳಗಿದೆ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದೆ. ಕತ್ತಿಗೆ ಚೆಂಡು ಹೂವಿನ ಹಾರ. ಹೊಸ ನೀರು ತುಂಬಿದೆ. ಅಳಿಯ ಬಂದಿದ್ದಾರೆ, ಮೊದಲ ದೀಪಾವಳಿ ಮಗುವಿನದು.

ಸ್ಪಂದನಾ ಬಚ್ಚಲಿಗೆ ಬಂದು ಹಂಡೆ ಮುಟ್ಟಿ ನೋಡಿದಳು. "ನಾಳೀಕ್ ನೀನೇ ಎರ್ಯವ್ವ. ಉಜ್ಜಬ್ಯಾಡ ಅಷ್ಟೇಯ" ಅಂದಳು.

ಇದಕ್ಕಿಂತ ಬೇರೆ ಹಬ್ಬ ಬೇಕಾ ನನಗೆ.

ಅಕ್ಟೋಬರ್ 20, ಮಧ್ಯಾಹ್ನ

ಬೆಳಗ್ಗೆ ಕಾಲು ನೀಡಿ ಕೂತು ಪಾಪುವನ್ನು ಕಾಲ ಮೇಲೆ ಹಾಕಿಕೊಂಡೆ. ನೆತ್ತಿಗೆ, ಕೆನ್ನೆಗೆ, ಕತ್ತಿಗೆ, ಎದೆಗೆ, ಮೊಣಕಾಲ ಸಂದಿಗೆ ಎಣ್ಣೆ. ಉಜ್ಜಲಿಲ್ಲ. ಸವರಿದೆ ಅಷ್ಟೇ. ನನ್ನ ಮುಖ ನೋಡಿ ಊಂ ಊಂ ಅಂತ ಮಾತಾಡಿದಳು. ಅರುಣ್‌ಕುಮಾರ್ ವಿಡಿಯೋ ಮಾಡಿದರು. ಬೆಚ್ಚಗಿನ ನೀರು ಎರೆದೆ. ಎಲ್ಲರೂ ಹೋಳಿಗೆ ತಿಂದರು.

ಈಗ ಮೈ ನೋಡಿದರೆ...

ಬರೆಯಲು ಆಗುತ್ತಿಲ್ಲ. ಕಣ್ಣು ಎರಡೂ ಊದಿಕೊಂಡು ಗೆರೆಯಾಗಿವೆ. ಎಣ್ಣೆ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಬೆಂದ ಹಾಗೆ. ನನ್ನ ಬೆರಳು ಎಳೆದ ದಾರಿ ಮಗುವಿನ ಎದೆ ಮೇಲೆ ಗೆರೆಗೆರೆಯಾಗಿ ಕಾಣುತ್ತಿದೆ. ನನ್ನ ಕೈಯೇ.

ಅಕ್ಟೋಬರ್ 21, ಹಾಸನ

ನಿನ್ನೆ ಮಧ್ಯಾಹ್ನವೇ ಹೊರಟೆವು, ಕಾಂತರಾಜುನ ಆಟೋದಲ್ಲಿ. ಹಾಸನಾಂಬೆ ಬಾಗಿಲು ತೆಗೆದಿರುವ ಸಮಯ. ಊರೊಳಗೆ ಹೋಗಲು ದಾರಿಯೇ ಇಲ್ಲ. ಎಲ್ಲಿಂದ ಎಲ್ಲಿಗೂ ಜನ, ಬಸ್ಸು, ಹಗ್ಗ ಕಟ್ಟಿದ ಕ್ಯೂ. ಪೊಲೀಸಿನವನು ಬೇರೆ ರೋಡಿನಲ್ಲಿ ಹೋಗು ಅಂತ ಕೋಲು ತೋರಿಸಿದ. ನಾನು ಆಟೋ ಇಳಿದು ಪಾಪುವಿನ ಮುಖದ ಬಟ್ಟೆ ತೆಗೆದು ಅವನ ಮುಂದೆ ಹಿಡಿದೆ. ಅವನೇ ಮುಂದೆ ಓಡುತ್ತ ಜನರನ್ನು ಸರಿಸಿಕೊಂಡು ಹೋದ. ದರ್ಶನಕ್ಕೆ ನಿಂತ ಹೆಂಗಸರು ಪಾಪುವನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡರು. ಆ ತಾಯಿಯ ಗುಡಿಯಲ್ಲಿ ಹಚ್ಚಿದ ದೀಪ ವರ್ಷವೆಲ್ಲ ಆರುವುದಿಲ್ಲ, ಏರಿಸಿದ ಹೂ ಬಾಡುವುದಿಲ್ಲ ಅಂತಾರೆ. ಆಟೋದಲ್ಲಿ ಕೂತೇ ಕೈ ಮುಗಿದೆ. ಹೂವಿನ ಮಾತು ಎತ್ತಲು ಬಾಯಿ ಬರಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಚರ್ಮದ ಡಾಕ್ಟರಮ್ಮ. "ಏನು ಹಚ್ಚಿದ್ರಿ?"

ಸೀಸೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಬಂದಿದ್ದೆ. ತೆಗೆದು ಮೇಜಿನ ಮೇಲೆ ಇಟ್ಟೆ. "ಚೆಂಡೂವಿನ ಎಣ್ಣೆ. ನಾನೇ ಕಾಸಿದ್ದು, ನಾನೇ ಅಚ್ಚಿದ್ದು."

"ನಾನೇ ಹೇಳಿದ್ದು ಮೇಡಂ" ಅಂದಳು ಸ್ಪಂದನಾ. "ಕ್ಯಾಲೆಂಡುಲಾ."

ಡಾಕ್ಟರಮ್ಮ ಸೀಸೆ ಮೂಸಿ ನೋಡಿದಳು. ತನ್ನ ಫೋನಿನಲ್ಲಿ ಎರಡು ಚಿತ್ರ ತೆಗೆದು ಪಕ್ಕ ಪಕ್ಕ ತೋರಿಸಿದಳು. ಒಂದರ ಎಲೆ ಹಲ್ಲು ಹಲ್ಲು, ನಮ್ಮ ಚೆಂಡು ಹೂವಿನದು. ಇನ್ನೊಂದರ ಎಲೆ ನಾಲಿಗೆಯ ಹಾಗೆ, ನುಣ್ಣಗೆ. ಹೂ ಮಾತ್ರ ನೋಡಿದ್ದೆ ನಾನು. ಎಲೆ ನೋಡಿರಲಿಲ್ಲ.

"ಎರಡಕ್ಕೂ ಮಾರಿಗೋಲ್ಡ್ ಅಂತಾರೆ. ಗಿಡ ಬೇರೆ ಬೇರೆ. ಇದರ ರಸ ಕೆಲವರ ಚರ್ಮಕ್ಕೆ ಆಗೋದೇ ಇಲ್ಲ. ಹೊಲದ್ದಾ? ಔಷಧಿ ಹೊಡೆದಿದ್ರಾ?"

"ಒಂದುಳ ಇರ್ಲಿಲ್ಲ" ಅಂದೆ. ಅಂದಮೇಲೆ ಗೊತ್ತಾಯಿತು ಏನಂದೆ ಅಂತ.

"ಆ ಇನ್ನೊಂದು ಹೂವಾಗಿದ್ರೂ ಈ ಮಗೂಗೆ ಒಗ್ಗುತ್ತಿತ್ತು ಅಂತ ನಾನು ಹೇಳಲ್ಲಮ್ಮ. ಚರ್ಮ ಬಿರಿದಿರೋವಾಗ ಹೂವೂ ಬೆಂಕಿನೇ, ಸೊಪ್ಪೂ ಬೆಂಕಿನೇ."

ಅಡ್ಮಿಟ್ ಮಾಡಿಕೊಂಡರು. ಹೊರಗೆ ಬಂದ ಮೇಲೆ ಸ್ಪಂದನಾ ಕೇಳಿದಳು. "ಅಷ್ಟ್ ಖಂಡಿತವಾಗಿ ಎಂಗವ್ವ ಏಳ್ದೆ ನೀನು?"

"ಮಾರಿಗೋಲ್ಡ್ ಅಂದ್ರೆ ಚೆಂಡೂವೇಯ ಅಂದಿದ್ದು ಯಾರು?"



ಅಕ್ಟೋಬರ್ 23

ಜ್ವರ. ಬಿರುಕಿನಲ್ಲಿ ಕೀವು. ಕೆಟ್ಟವು ಒಳಗೆ ಇಳಿದಿವೆಯಂತೆ, ರಕ್ತಕ್ಕೆ ಹೋಗದ ಹಾಗೆ ನೋಡಬೇಕಂತೆ. ಕೈಯಲ್ಲಿ ನರ ಸಿಗದೆ ಕಾಲಿಗೆ ಸೂಜಿ ಹಾಕಿದರು. ಪಾಪು ಈಗ ಅಳುವುದೂ ಇಲ್ಲ. ಬೆಕ್ಕಿನ ಮರಿ ಹಾಗೆ ಸಣ್ಣದಾಗಿ ಏನೋ ಅನ್ನುತ್ತಾಳೆ.

ಬೀಗಿತ್ತಿ ಬಂದಳು ಹೊಳೆನರಸೀಪುರದಿಂದ. ವಾರ್ಡಿನಲ್ಲಿ ಎಲ್ಲರ ಮುಂದೆ.

"ಊರ್ ಮಕ್ಳಿಗೆಲ್ಲ ನೀರೆರ್ಯೋರು, ನಮ್ ಮಗೀಗೆ ಸುಣ್ಣದ್ ನೀರ್ ಎರುದ್ರಲ್ಲ ತಾಯಿ. ಇಂತಾ ಕೈ ಅಂತ ಗೊತ್ತಿದ್ರೆ ನಾನೇ ಬಾಣಂತನ ಮಾಡ್ತಿದ್ದೆ."

ನನ್ನ ಬಾಯಿ ಎಂಥದು ಅಂತ ಊರಿಗೆ ಗೊತ್ತು. ಇವತ್ತು ಕೆಳಗೆ ಬಿದ್ದಿದ್ದ ಪಾಪುವಿನ ಬಟ್ಟೆ ಎತ್ತಿ ಮಡಿಸಿದೆ.

ನರ್ಸು ಕಾಲು ಅಲ್ಲಾಡದ ಹಾಗೆ ಯಾರಾದರೂ ಹಿಡಿದುಕೊಳ್ಳಿ ಅಂದಳು. ಅಭ್ಯಾಸಬಲ, ನನ್ನ ಕೈ ಮುಂದೆ ಹೋಯಿತು.

"ನೀನ್ ಮುಟ್ಬ್ಯಾಡ ಅವ್ವ" ಅಂದಳು ಸ್ಪಂದನಾ. ಮೆಲ್ಲಗೇ ಅಂದಳು. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು.

ಅಕ್ಟೋಬರ್ 24

ಕಾರಿಡಾರಿನಲ್ಲಿ ಕೂತಿದ್ದೇನೆ. ಸೋಪು ಹಾಕಿ ತೊಳೆದೆ, ಮಣ್ಣು ಹಾಕಿ ತೊಳೆದೆ, ಕೈಯಿಂದ ಚೆಂಡು ಹೂವಿನ ವಾಸನೆ ಹೋಗುತ್ತಿಲ್ಲ. ಕಾಂತರಾಜು ಮೂಸಿ ನೋಡಿ ಏನೂ ಇಲ್ಲ ಕಣವ್ವ ಅಂತಾನೆ. ಅವನ ಮೂಗು ಸತ್ತಿದೆ.

ದೇವರೇ, ನನ್ನ ಕೈ ತಗೋ. ಮಗು ಬಿಡು.

ಅಕ್ಟೋಬರ್ 28

ಜ್ವರ ಇಳಿದಿದೆ. ನಿನ್ನೆ ಹಾಲು ಕುಡಿದಳಂತೆ. ನನಗೆ ಬಾಗಿಲಿನಿಂದ ನೋಡುವುದಕ್ಕೆ ಅಡ್ಡಿಯಿಲ್ಲ.

ಡಾಕ್ಟರಮ್ಮ ರೌಂಡ್ಸ್ ಮುಗಿಸಿ ಹೊರಗೆ ಬಂದಳು. ಅಡ್ಡ ನಿಂತೆ.

"ಡಾಕ್ಟರಮ್ಮ, ಆ ಒಳ್ಳೆ ಉಳ ಅಂದ್ರಂತಲ್ಲ, ಅವು ಯಾವ್ ಅಂಗ್ಡೀಲಿ ಸಿಕ್ತವೆ?"

ಡಾಕ್ಟರಾದರೂ ಇನ್ನೂ ಹುಡುಗಿ, ನಕ್ಕಳು. "ಅಂಗಡೀಲೂ ಏನೇನೋ ಮಾರ್ತಾರೆ ಅಜ್ಜಿ. ಸದ್ಯ ಯಾವುದೂ ಬೇಡ. ಅವು ತಾಯಿ ಮೈಯಿಂದ ಬರ್ತವೆ. ಎತ್ತಿಕೊಳ್ಳೋರ ಕೈಯಿಂದ ಬರ್ತವೆ. ಬಂದು ಕೂರೋಕೆ ಬಿಡ್ಬೇಕು ಅಷ್ಟೇ. ದಿನಾ ಉಜ್ಜಿ ಎಬ್ಬಿಸಿದ್ರೆ ಎಲ್ಲಿ ಕೂರ್ತವೆ ಪಾಪ?"

"ಅಂಗಂದ್ರೆ ಎಪ್ಪು."

"ಏನು?"

"ಮೊಸರಿಗೆ ಎಪ್ಪು ಆಕಲ್ವಾ, ಅದು."

"ಹೂಂ. ಹೆಪ್ಪೇ ಅಂದ್ಕೊಳ್ಳಿ."

ಇಷ್ಟನ್ನು ಮೊದಲೇ ಯಾರೂ ಯಾಕೆ ಹೇಳಲಿಲ್ಲ. ಬ್ಯಾಕ್ಟೀರಿಯಾ ಅಂದರೆ ನನಗೇನು ಗೊತ್ತು. ಹೆಪ್ಪು ಗೊತ್ತು. ಹಾಲು ಸುಡುತ್ತಿದ್ದರೆ ಹೆಪ್ಪು ಸಾಯುತ್ತದೆ, ಆರಿ ತಣ್ಣಗಾದರೆ ಕೂರುವುದಿಲ್ಲ. ಉಗುರು ಬೆಚ್ಚಗಿರಬೇಕು. ಹಾಕಿದ ಮೇಲೆ ಮುಚ್ಚಿಟ್ಟು ಆ ಕಡೆ ತಿರುಗಿಯೂ ನೋಡಬಾರದು. ಸ್ಪಂದನಾ ಸಣ್ಣವಳಿದ್ದಾಗ ಆಯಿತಾ ಆಯಿತಾ ಅಂತ ಬೆರಳು ಹಾಕಿ ನೋಡುವಳು. ಮೊಸರೆಲ್ಲ ನೀರು. ಹೆಪ್ಪು ಹಾಕಿದ ಮೇಲೆ ಕೈಯಾಡಿಸಬಾರದು ಅಂತ ಬೆನ್ನಿಗೆ ಗುದ್ದಿದ್ದೇನೆ. ಗುದ್ದಿದ ಕೈಯೇ ಪಾಪುವಿನ ಮೈಯೆಲ್ಲ ಆಡಿತು. ಹೆಸರುಹಿಟ್ಟು ಆಯಿತು, ಬೇವು ಆಯಿತು, ಲೋಳೆಸರ, ಹೂವು. ಒಂದು ದಿನ ಬಿಟ್ಟಿದ್ದೆನಾ ಸುಮ್ಮನೆ.

ನವೆಂಬರ್ 1, ರಾಜ್ಯೋತ್ಸವ

ಡಿಸ್ಚಾರ್ಜ್. ಅವರು ಹಾಸನದಿಂದ ಹಾಗೇ ಹೊಳೆನರಸೀಪುರಕ್ಕೆ ಹೋದರು. ಮಡಿಲು ತುಂಬಿಸಲಿಲ್ಲ, ಅರಿಶಿನ ಕುಂಕುಮ ಕೊಡಲಿಲ್ಲ, ತವರಿನಿಂದ ಮಗಳನ್ನು ಹೀಗೆ ಕಳಿಸಿದವರು ಯಾರೂ ಇಲ್ಲ. ಕಾರಿನ ಗಾಜು ಇಳಿಸಿ ಅಳಿಯ, "ಫೋನ್ ಮಾಡ್ತೀವಿ ಅತ್ತೆ" ಅಂದರು. ಪಾಪುವಿನ ಒಂದು ಕಾಲು ಕಂಡಿತು, ಅಷ್ಟೇ. ಸೂಜಿ ಹಾಕಿದ ಕಾಲು.

ನವೆಂಬರ್ 9

ಫೋನು ಬಂದಿಲ್ಲ.

ಷಡಕ್ಷರಿ ಮೇಷ್ಟ್ರ ಮನೆಗೆ ಇವತ್ತು ಹೋದೆ, ಇಷ್ಟು ದಿನ ಆದಮೇಲೆ. ಗುಂಡುಕಲ್ಲನ್ನು ಕಾಲ ಮೇಲೆ ಹಾಕಿಕೊಂಡೆ. ಹಿಟ್ಟು ತಂದಿಟ್ಟರು. ಕೈಗೆ ತೆಗೆದುಕೊಂಡೆ. ಉಜ್ಜಲು ಆಗಲಿಲ್ಲ. ಕೈ ಮಗುವಿನ ಮೈ ಮೇಲೆ ಹೋಗಿ ನಿಂತುಬಿಟ್ಟಿತು. ಹಿಟ್ಟು ಪಕ್ಕಕ್ಕಿಟ್ಟು ಬರೀ ನೀರು ಉಯ್ದೆ.

"ಯಾಕ್ ದೊಡ್ಡಮ್ಮ, ಕೈಯಾಗ್ ಜೀವನೇ ಇಲ್ವಲ್ಲ ಇವತ್ತು?" ಅಂದರು ಮೇಷ್ಟ್ರ ಹೆಂಡತಿ.

"ಉಜ್ಜದು ಬ್ಯಾಡ. ಅದರ ಪಾಡಿಗೆ ಇರ್ಲಿ ಮೈ."

"ಬರೀ ನೀರ್ ಉಯ್ಯಕ್ಕೆ ನೀನ್ಯಾಕೆ ಬೇಕು, ನಲ್ಲಿ ಸಾಲ್ದಾ?"

ಸರಿಯಾಗೇ ಹೇಳಿದರು. ನಾಳೆಯಿಂದ ಬರಬೇಡ ಅಂದರು. ಬೇರೆಯವಳು ಸಿಕ್ಕಿದ್ದಾಳಂತೆ, ಕೈ ಬಿಗಿ ಇರುವವಳು.

ನವೆಂಬರ್ 12

ಫೋನು ಬಂದಿಲ್ಲ. ನಾನೂ ಮಾಡಿಲ್ಲ. ಏನಂತ ಮಾಡಲಿ.

ಚಳಿ ಬಂತು. ತುಟಿ ಒಡೆಯುತ್ತಿದೆ ನನಗೇ. ಅವಳ ಮೈ ಹೇಗಿದೆಯೋ.

ನವೆಂಬರ್ 14

ಬೆಳಗ್ಗೆ ಅರುಣ್‌ಕುಮಾರ್ ಫೋನು.

"ಅತ್ತೆ... ಚಳಿಗೆ ಮತ್ತೆ ಶುರುವಾಗೈತೆ. ಹಾಸನಕ್ಕೆ ತೋರ್ಸಿದ್ವಿ. ಕೀವಿಲ್ಲ, ಭಯ ಇಲ್ಲ, ಔಷಧಿ ನಡೀಲಿ ಅಂದ್ರು. ಮೆತ್ತಗಿರೋ ಬಟ್ಟೆ ಒದ್ದೆ ಮಾಡಿ ಕ್ರೀಮಿನ ಮ್ಯಾಲೆ ಸುತ್ತಿ ಅಂದವ್ರೆ. ಆದ್ರೆ ಇವ್ಳು... ಸ್ಪಂದನಾ ನಿನ್ನೆ ಮಗೂನ ಕೆಳಗಿಟ್ಟು ಬಾಗ್ಲು ಹಾಕಂಡ್ಬುಟ್ಲು. ನಾನು ಬಾಗ್ಲು ಬಡ್ದು ತೆಗ್ಸಿದೆ. ನೀವು ಬನ್ನಿ."

"ನಿಮ್ಮವ್ವ?"

"ಅವ್ವನೇ ಹೇಳಿದ್ದು ಕರ್ಸು ಅಂತ."

ಟ್ರಂಕು ತೆಗೆದೆ. ಒಗೆದು ಒಗೆದು ಈರುಳ್ಳಿ ಸಿಪ್ಪೆಯಾಗಿರುವ ಎರಡು ನೂಲಿನ ಸೀರೆ ಇತ್ತು. ಹರಿದು ತುಂಡು ಮಾಡಿ ಬ್ಯಾಗಿಗೆ ತುಂಬಿದೆ. ಎಣ್ಣೆ, ಪುಡಿ, ಸೊಪ್ಪು, ಬೇರು, ಏನೂ ಇಲ್ಲ. ಬಾಣಂತಿ ಮನೆಗೆ ಬರೀ ಬಟ್ಟೆ ಹಿಡಿದು ಹೊರಟಿದ್ದು ಇದೇ ಮೊದಲು.

ನವೆಂಬರ್ 16, ಹೊಳೆನರಸೀಪುರ. ಬೆಳಗ್ಗೆ

ವಾಸಿಯಾಗಿಲ್ಲ. ಬಂದ ತಕ್ಷಣ ವಾಸಿಯಾಗಲು ನಾನೇನು ದೇವರಾ. ಮುಖವೆಲ್ಲ ಹುರುಕು, ಮೊಣಕೈ ಸಂದಿ ಹಸಿ ಹಸಿ. ವರ್ಷಗಟ್ಟಲೆ ಬಂದು ಹೋಗಬಹುದು, ದೊಡ್ಡವಳಾದ ಮೇಲೆ ಬಿಡಬಹುದು, ಬಿಡದೆಯೂ ಇರಬಹುದು ಅಂತ ಡಾಕ್ಟರಮ್ಮ ಹೇಳಿದ್ದಾಳಂತೆ.

ಎರಡು ದಿನ ನಾನು ಮಗು ಮುಟ್ಟಲಿಲ್ಲ. ಬಟ್ಟೆ ಒದ್ದೆ ಮಾಡಿ ಹಿಂಡಿ ಕೊಟ್ಟೆ. ಸ್ಪಂದನಾ ಸುತ್ತಿದಳು. ಅವಳ ಕಣ್ಣ ಕೆಳಗೆ ಹಂಡೆ ಮಸಿ. ನನ್ನ ಜೊತೆ ಮಾತಿಲ್ಲ. ಬೀಗಿತ್ತಿ ಕಾಫಿ ಲೋಟವನ್ನು ಕುಕ್ಕಿ ಇಟ್ಟು ಹೋಗುತ್ತಾಳೆ. ಇಟ್ಟಳಲ್ಲ, ಸಾಕು.

ಈಗ ಸ್ವಲ್ಪ ಹೊತ್ತಿನ ಮುಂಚೆ ಬಿಸಿಲಿಗೆ ಜಗಲಿ ಮೇಲೆ ಕೂತು ಇದನ್ನು ಬರೆಯಲು ತೆಗೆದಿದ್ದೆ. ಸ್ಪಂದನಾ ಬಂದು ನಿಂತಳು. ಪಾಪು ಅವಳ ಭುಜಕ್ಕೆ ಮುಖ ಉಜ್ಜಿ ಉಜ್ಜಿ ಕಿರುಚುತ್ತಿದ್ದಳು. ಸ್ಪಂದನಾ ನಿದ್ದೆಗೆಟ್ಟು ತೂಗಾಡುತ್ತಿದ್ದಳು.

"ಇಡ್ಕಳವ್ವ."

"ಏನ್ ಮಾಡ್ಲಿ?"

"ಏನೂ ಮಾಡ್ಬ್ಯಾಡ."

ಕೊಟ್ಟಳು. ಅಲ್ಲೇ ಕಂಬಕ್ಕೆ ಒರಗಿದವಳು ನಿದ್ದೆ ಹೋಗಿಬಿಟ್ಟಳು.

ಪಾಪು ನನ್ನ ಕತ್ತಿಗೆ ಮುಖ ತಿಕ್ಕಿದಳು. ನವೆ. ಕೈ ತಾನಾಗಿ ಎದ್ದಿತು, ಕೆನ್ನೆ ಸವರಲು, ಬೆನ್ನು ನೀವಲು. ನೀವಿ ನೀವಿಯೇ ಬಂದ ಕೈ. ತಡೆದೆ. ಬಲಗೈಯನ್ನು ಅವಳ ತಲೆ ಕೆಳಗೆ ಹಾಕಿಬಿಟ್ಟೆ, ಎತ್ತಲು ಆಗದ ಹಾಗೆ. ಕಿರುಚಿದಳು. ಕಿರುಚಲಿ. ಕಾಲು ಒದ್ದಳು. ನಾನು ಅಲ್ಲಾಡಲಿಲ್ಲ. ಹೆಪ್ಪು ಹಾಕಿದ ಪಾತ್ರೆಯ ಹಾಗೆ ಕೂತೆ. ನನ್ನ ತೋಳಿನ ಬೆವರು ಅವಳ ಕೆನ್ನೆಗೆ. ಬಂದು ಕೂರಲಿ ಏನೇನಿದೆಯೋ ನನ್ನಲ್ಲಿ ಒಳ್ಳೆಯದು, ಇದ್ದರೆ.

ಕಿರುಚು ಸಣ್ಣದಾಯಿತು. ಆಮೇಲೆ ಬಿಕ್ಕು. ಈಗ ಬಿಕ್ಕೂ ದೂರ ದೂರ.

ಕೈ ಮರಗಟ್ಟಿದೆ. ತೆಗೆಯುವುದಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಾಗೆ ಕಾಲು. ಬೀಗಿತ್ತಿ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಲೋಟ. ಇವತ್ತು ಕುಕ್ಕಲಿಲ್ಲ. ಲೋಟ ಹಿಡಿದುಕೊಂಡೇ ನಿಂತಿದ್ದಾಳೆ, ಸದ್ದಾಗುತ್ತದೆ ಅಂತ. ಪಾಪು ಕಣ್ಣು ಮುಚ್ಚಿ ಮುಚ್ಚಿ ತೆಗೆಯುತ್ತಿದ್ದಾಳೆ, ಈಗ ಇನ್ನೊಂದು ಸಲ ಮುಚ್ಚಿ